ದುಡ್ಡು ಕೊಟ್ಟು ತಂದ ತುಕ್ಕು

ಆಯುಧಪೂಜೆ ಎಂದರೆ ನನ್ನ ಲೆಕ್ಕದಲ್ಲಿ ತುಕ್ಕಿನ ಮೇಲೆ ವರ್ಷಕ್ಕೊಮ್ಮೆ ಸಾರುವ ಯುದ್ಧ. ದೇವಿ ಮಹಿಷನನ್ನು ಕೊಂದದ್ದು, ಪಾಂಡವರು ಬನ್ನಿಮರದಿಂದ ಆಯುಧಗಳನ್ನು ಇಳಿಸಿಕೊಂಡದ್ದು ಎಲ್ಲ ಸರಿಯೇ. ಆದರೆ ಇಳಿಸಿಕೊಂಡ ಮೇಲೆ ಅರ್ಜುನ ಮೊದಲು ಏನು ಮಾಡಿದ ಎಂಬುದನ್ನು ಯಾವ ಹರಿಕಥೆಯ ದಾಸರೂ ವಿವರಿಸಿದ್ದನ್ನು ನಾನು ಕೇಳಿಲ್ಲ. ಒಂದು ವರ್ಷ ಮಳೆಗಾಳಿಯಲ್ಲಿ ಮರದ ಮೇಲಿದ್ದ ಕಬ್ಬಿಣ. ಗಾಂಡೀವದ ಮಾತು ಬಿಡಿ, ಅದು ದೇವರು ಕೊಟ್ಟದ್ದು. ಬಾಣದ ಮೊನೆಗಳನ್ನಂತೂ ಕೂತು ಉಜ್ಜಿರಲೇಬೇಕು. ಭೀಮನ ಗದೆಯನ್ನು ಯಾರು ಉಜ್ಜಿದರೋ, ನಕುಲ ಸಹದೇವರ ಪಾಡು ನೆನೆದರೆ ಅಯ್ಯೋ ಅನಿಸುತ್ತದೆ.

ನಮ್ಮ ಕಡೆ ಆ ದಿನ ಹಾರೆ, ಗುದ್ದಲಿ, ಕುಡುಗೋಲು, ಮಚ್ಚು, ಈಳಿಗೆಮಣೆ ಎಲ್ಲವೂ ಅಂಗಳಕ್ಕೆ ಬರುತ್ತವೆ. ತೆಂಗಿನ ನಾರು, ಬೂದಿ, ಇಟ್ಟಿಗೆ ಪುಡಿ ಹಾಕಿ ತಿಕ್ಕಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ವಿಭೂತಿ ಕುಂಕುಮ. ತುಕ್ಕು ಹಿಡಿದ ಕಬ್ಬಿಣ ಮನೆಯೊಳಗಿದ್ದರೆ ಶನಿಕಾಟ ಎಂದು ಅಜ್ಜಿ ಹೇಳುತ್ತಿದ್ದರು. ಶನಿಗೆ ಹೆದರಿಯಾದರೂ ಹುಡುಗರು ಹಾರೆ ತಿಕ್ಕಲಿ ಎಂಬುದು ಅವರ ಒಳಗಿನ ಲೆಕ್ಕವಿರಬೇಕು. ಶನಿ ಮಹಾತ್ಮೆಯ ಬಲದಿಂದ ಉಳಿದುಕೊಂಡ ಕಬ್ಬಿಣದ ತೂಕ ಹಾಕಿದರೆ ಒಂದು ಸಣ್ಣ ಸೇತುವೆಗಾದರೂ ಸಾಕಾದೀತು.

ಹೀಗೆ ತುಕ್ಕನ್ನು ಪರಮ ವೈರಿಯೆಂದು ನಂಬಿದ ವಂಶದಲ್ಲಿ ಹುಟ್ಟಿದ ನನ್ನ ಸೋದರಮಾವನ ಮಗ, ಬೆಂಗಳೂರಿನಲ್ಲಿ ಕಾಫಿ ಅಂಗಡಿ ತೆರೆಯಲು ಹೊರಟವನು, ಅಂಗಡಿಯ ಗೋಡೆಗೆ ದುಡ್ಡು ಕೊಟ್ಟು ತುಕ್ಕು ಬಳಿಸಿದ. ನಿಜವಾದ ತುಕ್ಕಲ್ಲ, ಬಣ್ಣದ ತುಕ್ಕು. ಪ್ಲೈವುಡ್ಡಿನ ಹಾಳೆಗಳನ್ನು ಗೋಡೆಗೆ ಹೊಡೆದು, ಅವು ಯಾವುದೋ ಕಾಲದ ಕಬ್ಬಿಣದ ತಗಡುಗಳು ಎಂದು ನೋಡಿದವರು ನಂಬುವ ಹಾಗೆ ಮಾಡುವ ಕೆಲಸ. ಚದರಡಿಗೆ ಇಷ್ಟು ಎಂದು ಅದಕ್ಕೊಂದು ದರವಿದೆ. ಆ ದರ ಸಾಮಾನ್ಯ ಪೇಂಟಿಂಗಿನದಕ್ಕಿಂತ ಜೋರಾಗಿಯೇ ಇದೆ.

ಈ ಸುದ್ದಿಯನ್ನು ಅವನು ಭದ್ರಾವತಿಯಲ್ಲಿದ್ದ ಅಪ್ಪನಿಗೆ ಫೋನಿನಲ್ಲಿ ತಿಳಿಸಿದಾಗ ನಾನು ಮಾವನ ಎದುರಿಗೇ ಕೂತಿದ್ದೆ.

"ಅಪ್ಪ, ಗೋಡೆಗೆ ತುಕ್ಕು ಮಾಡಿಸ್ತಾ ಇದೀನಿ."

"ಯಾಕೋ? ಪೈಪು ಒಡೆದಿದೆಯೇನೋ?"

"ಅಲ್ಲಪ್ಪ, ಪೇಂಟು."

"ತುಕ್ಕಿನ ಮೇಲೆ ಹಾಗೇ ಪೇಂಟ್ ಹೊಡಿಬಾರದು ಮಾರಾಯ. ಮೊದಲು ಎಮರಿ ಹಾಕಿ ಉಜ್ಜಿಸು. ಒಂದು ಕೋಟು ರೆಡ್ ಆಕ್ಸೈಡ್ ಕೊಡು. ಒಣಗಲಿ. ಆಮೇಲೆ..."

"ಅಪ್ಪ, ತುಕ್ಕನ್ನೇ ಪೇಂಟ್ ಮಾಡಿಸ್ತಾ ಇದೀನಿ."

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ತಡಿ, ಫೋನು ನಿಮ್ಮಮ್ಮನಿಗೆ ಕೊಡ್ತೀನಿ" ಎಂದು ಎದ್ದುಹೋದರು.

ಅವರ ಸಂಕಟ ಅರ್ಥವಾಗಬೇಕಾದರೆ ಅವರ ಊರು ಗೊತ್ತಿರಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮೈಸೂರು ಸಂಸ್ಥಾನದ ಕಾಲದ್ದು. ವಿಶ್ವೇಶ್ವರಯ್ಯನವರು ಹಟ ಹಿಡಿದು ಎಬ್ಬಿಸಿ ನಿಲ್ಲಿಸಿದ್ದು. ಕುಲುಮೆಯಿಂದ ಕಬ್ಬಿಣ ಹರಿಯಲು ಶುರುವಾದದ್ದು 1923ರಲ್ಲಿ. ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ, ಬೆಟ್ಟದ ಮೇಲಿಂದ ರೋಪ್‌ವೇ ತೊಟ್ಟಿಲುಗಳಲ್ಲಿ ಇಳಿದು. ಮಾವ ಆ ಕಾರ್ಖಾನೆಯಲ್ಲಿ ನೌಕರಿ ಮಾಡಿದ್ದು ದುರಸ್ತಿಯ ವಿಭಾಗದಲ್ಲಿ. ಏಣಿ, ಕಟಕಟೆ, ನೀರಿನ ಟ್ಯಾಂಕು, ಷೆಡ್ಡಿನ ತಗಡು ಇವುಗಳನ್ನು ಕೆರೆಯುವುದು, ಉಜ್ಜುವುದು, ಬಣ್ಣ ಹೊಡೆಸುವುದು. ಮಲೆನಾಡಿನ ಬಾಗಿಲಲ್ಲಿ ಕೂತ ಊರು; ಒಂದು ತುದಿಯಿಂದ ಹೊಡೆದುಕೊಂಡು ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಮೊದಲ ತುದಿ ಕೆಂಪಾಗಿರುತ್ತಿತ್ತು. "ಕಬ್ಬಿಣ ನಮ್ಮದಲ್ಲ ಕಣೋ, ಬೆಟ್ಟದ್ದು. ಸ್ವಲ್ಪ ದಿನಕ್ಕೆ ಅಂತ ಇಸಕೊಂಡಿದೀವಿ. ಅದು ವಾಪಸ್ ಹೋಗೋಕೆ ಹೊಂಚು ಹಾಕ್ತಾನೇ ಇರುತ್ತೆ" ಎನ್ನುವುದು ಅವರ ಸಿದ್ಧಾಂತ. ರಸಾಯನಶಾಸ್ತ್ರದವರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಅದಿರೆಂದರೆ ಆಮ್ಲಜನಕದ ಜೊತೆ ಕೂಡಿಕೊಂಡ ಕಬ್ಬಿಣ. ಕುಲುಮೆಯಲ್ಲಿ ಇದ್ದಿಲು, ಬೆಂಕಿ, ಗಾಳಿ ಹಾಕಿ ಆ ಜೋಡಿಯನ್ನು ಬಲವಂತವಾಗಿ ಬಿಡಿಸುತ್ತೇವೆ. ಹೊರಗೆ ಬಂದ ಮೇಲೆ ಒಂದಿಷ್ಟು ನೀರು, ಒಂದಿಷ್ಟು ಗಾಳಿ ಸಿಕ್ಕರೆ ಸಾಕು, ಅದು ಮತ್ತೆ ಹಳೆಯ ಸಂಸಾರಕ್ಕೆ ಮರಳುತ್ತದೆ. ಕೆಮ್ಮಣ್ಣುಗುಂಡಿಯ ಮಣ್ಣು ಕೆಂಪಗಿರುವುದಕ್ಕೂ ಭದ್ರಾವತಿಯ ಗೇಟು ಕೆಂಪಗಾಗುವುದಕ್ಕೂ ಕಾರಣ ಒಂದೇ.

ಇಂಥ ಮನುಷ್ಯ ಮಗನ ಅಂಗಡಿ ನೋಡಲು ಬೆಂಗಳೂರಿಗೆ ಬಂದರು. ಕೆಲಸ ನಿಲ್ಲಿಸಲೆಂದೇ ಬಂದರೆಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದ್ದರಿಂದ, ಮಧ್ಯಸ್ಥಿಕೆಗೆ ಬೇಕಾದೀತೆಂದು ನಾನೂ ಜೊತೆಗೆ ಹೋದೆ.

ಪೇಂಟರ್ ವಯಸ್ಸಾದವನು. ಹಿಂದೆ ಸಿನಿಮಾ ಬೋರ್ಡು ಬರೆಯುತ್ತಿದ್ದವನು. ಕೆಂಪೇಗೌಡ ರಸ್ತೆಯಲ್ಲಿ ಥಿಯೇಟರುಗಳು ಸಾಲಾಗಿದ್ದ ಕಾಲದಲ್ಲಿ ನಾಯಕರ ಮುಖಗಳನ್ನು ಚೌಕ ಹಾಕಿ ದೊಡ್ಡದು ಮಾಡಿ ಆಳೆತ್ತರದ ಕೆನ್ನೆಗಳಿಗೆ ಬಣ್ಣ ತುಂಬಿದವನು. ಫ್ಲೆಕ್ಸ್ ಬಂತು, ಮುಖಗಳೆಲ್ಲ ಯಂತ್ರದಿಂದ ಬರತೊಡಗಿದವು, ಇವನ ಕುಂಚ ಮೂಲೆಗೆ ಬಿತ್ತು. ಆಮೇಲೆ ಮನೆ ಪೇಂಟಿಂಗು. ಅದರಿಂದ ಟೆಕ್ಸ್ಚರ್ ಎಂದು ಕರೆಯುವ ಈ ವಿದ್ಯೆ. ಡಬ್ಬಿಗಳನ್ನು ತೋರಿಸಿ ಅವನು ಹೇಳಿದ್ದು ಇದು: "ಬಣ್ಣ ಏನೂ ಬದಲಾಗಿಲ್ಲ ಸಾರ್. ಅಣ್ಣಾವ್ರ ಕೆನ್ನೆಗೆ ಹಾಕ್ತಿದ್ದಿದ್ದೂ ಇದೇ ಬರ್ಂಟ್ ಸಿಯೆನ್ನಾ, ಇದೇ ಯೆಲ್ಲೋ ಓಕರ್. ಬಿಳಿ ಸೇರಿಸಿದರೆ ಮುಖ, ಸೇರಿಸದಿದ್ದರೆ ತುಕ್ಕು."

ಇದು ಬರೀ ಚಮತ್ಕಾರದ ಮಾತಲ್ಲ. ಓಕರ್, ಸಿಯೆನ್ನಾ, ಅಂಬರ್, ರೆಡ್ ಆಕ್ಸೈಡ್, ನಮ್ಮ ಕಾವಿ, ಕೆಮ್ಮಣ್ಣು ಇವಿಷ್ಟೂ ಕಬ್ಬಿಣದ ಆಕ್ಸೈಡಿನ ಬಣ್ಣಗಳೇ. ನೀರಿನಂಶ ಸೇರಿದ್ದರೆ ಹಳದಿ, ಅದನ್ನು ಸುಟ್ಟು ನೀರು ಕಳೆದರೆ ಕೆಂಪು, ಮ್ಯಾಂಗನೀಸು ಬೆರೆತಿದ್ದರೆ ಕಂದು. ಮಣ್ಣಿನಿಂದ ಅಗೆದು ತೆಗೆಯುವುದರ ಜೊತೆಗೆ ಕಾರ್ಖಾನೆಯಲ್ಲೂ ಇವನ್ನು ತಯಾರಿಸುತ್ತಾರೆ. ಗುಜರಿ ಕಬ್ಬಿಣವನ್ನು ತೊಟ್ಟಿಗೆ ಹಾಕಿ, ಬಿಸಿ ದ್ರಾವಣದೊಳಗೆ ಗಾಳಿ ಊದಿ, ಬೇಕೆಂದೇ ತುಕ್ಕು ಹಿಡಿಸಿ, ಆ ತುಕ್ಕನ್ನು ಸೋಸಿ ಒಣಗಿಸಿ ಪುಡಿ ಮಾಡಿ ಡಬ್ಬಿಗೆ ತುಂಬುವ ವಿಧಾನವೊಂದು ನೂರು ವರ್ಷದಿಂದ ನಡೆದುಬಂದಿದೆ. ಅಂದರೆ ನನ್ನ ಮಾವ ಜೀವಮಾನವಿಡೀ ತುಕ್ಕನ್ನು ತಡೆಯಲು ಕಬ್ಬಿಣಕ್ಕೆ ಹಚ್ಚಿಸಿದ ರೆಡ್ ಆಕ್ಸೈಡಿನೊಳಗೆ ಇದ್ದದ್ದು ತುಕ್ಕೇ. ಈ ವಿಷಯವನ್ನು ನಾನು ಅಂಗಡಿಯಲ್ಲಿ ಬಾಯಿ ತಪ್ಪಿಯೂ ಎತ್ತಲಿಲ್ಲ. ನಿವೃತ್ತಿಯಾದವರ ಮನಸ್ಸು ನೋಯಿಸಬಾರದು.

ಮನುಷ್ಯ ಬಣ್ಣ ಹಚ್ಚಲು ಕಲಿತದ್ದೇ ಇದರಿಂದ. ಗಂಗಾವತಿಯ ಹತ್ತಿರ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಶಿಲಾಯುಗ, ಕಬ್ಬಿಣಯುಗದವರು ಬಿಡಿಸಿಟ್ಟ ಮನುಷ್ಯರು, ದನಗಳು, ಜಿಂಕೆಗಳು ಇಂದಿಗೂ ಕೆಂಪಗೆ ನಿಂತಿರುವುದು ಈ ಮಣ್ಣಿನ ಬಲದಿಂದ. ಮಲೆನಾಡಿನ ದೀವರ ಹೆಂಗಸರು ಹಸೆ ಬರೆಯುವ ಮುಂಚೆ ಗೋಡೆಗೆ ಸಾರಿಸುವುದು ಕೆಮ್ಮಣ್ಣನ್ನು. ಕರಾವಳಿಯ ದೇವಸ್ಥಾನಗಳ ಬಿಳಿಯ ಗಾರೆಯ ಮೇಲೆ ಕಾವಿ ಕಲೆಯ ಬಳ್ಳಿಗಳು ಓಡುವುದೂ ಇದರಲ್ಲೇ. ನಮ್ಮ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ, ಮಧ್ಯಾಹ್ನ ಬೆನ್ನು ಹಾಸಿದರೆ ತಂಪಾಗುತ್ತಿದ್ದದ್ದು, ಒರೆಸಿದಷ್ಟೂ ಮಿನುಗುತ್ತಿದ್ದದ್ದು, ಅದೂ ಇದೇ ಪುಡಿ ಬೆರೆಸಿದ ಸಿಮೆಂಟು. ಸ್ವೀಡನ್ನಿನಲ್ಲಿ ಫಾಲುನ್ ಎಂಬ ತಾಮ್ರದ ಗಣಿಯ ಕಸದಿಂದ ಇಂಥದೇ ಕೆಂಪು ಬಣ್ಣ ತೆಗೆದು ಮರದ ಮನೆಗಳಿಗೆ ಬಳಿದರು. ಯಾಕೆಂದರೆ ಆಗ ಇಟ್ಟಿಗೆ ಮನೆ ಕಟ್ಟುವುದು ಶ್ರೀಮಂತರ ಶೋಕಿ. ದೂರದಿಂದ ನೋಡಿದವರು ಇದೂ ಇಟ್ಟಿಗೆಯದೇ ಅಂದುಕೊಳ್ಳಲಿ ಎಂದು. ಗೋಡೆಗೆ ವೇಷ ಹಾಕುವುದು ಬೆಂಗಳೂರಿನವರು ಕಂಡುಹಿಡಿದದ್ದಲ್ಲ.

ಸರಿ, ಅಂಗಡಿಗೆ ಬರೋಣ. ಪ್ಲೈವುಡ್ಡಿಗೆ ಮೊದಲು ಪ್ರೈಮರ್ ಕೊಟ್ಟು, ಅದರ ಮೇಲೆ ಪುಟ್ಟಿಯಲ್ಲಿ ಸಣ್ಣ ಮರಳು ಕಲಸಿ ಅಲ್ಲಲ್ಲಿ ಒರಟೊರಟಾಗಿ ಮೆತ್ತಿದ್ದ. ತುಕ್ಕು ನುಣ್ಣಗಿರುವುದಿಲ್ಲವಲ್ಲ, ಕಬ್ಬಿಣಕ್ಕಿಂತ ಅದು ಹೆಚ್ಚು ಜಾಗ ಬೇಡುತ್ತದೆ, ಉಬ್ಬುತ್ತದೆ, ಪದರು ಪದರಾಗಿ ಏಳುತ್ತದೆ. ಮಂಗಳೂರಿನ ಕಡೆ ಹಳೆಯ ಮನೆಗಳ ಸಜ್ಜಾದ ತಳದಿಂದ ಗಾರೆ ಚಕ್ಕೆಯಾಗಿ ಬೀಳುವುದು ಒಳಗಿನ ಸರಳು ಹೀಗೆ ಉಬ್ಬಿಕೊಂಡು ಒದೆಯುವುದರಿಂದ. ಹಾಳೆಗಳ ಅಂಚಿಗೆ ಮರದ ಬಿಲ್ಲೆ ಅಂಟಿಸಿ ಬೋಲ್ಟಿನ ತಲೆಗಳನ್ನು ಮಾಡಿದ್ದ. ಆಮೇಲೆ ಕಪ್ಪು ಬೆರೆಸಿದ ಗಾಢ ಕಂದು ಇಡೀ ಗೋಡೆಗೆ. ಅದು ಒಣಗಿದ ಮೇಲೆ ಸ್ಪಾಂಜು. ಕುಂಚ ಹಿಡಿದರೆ ಗೆರೆ ಬೀಳುತ್ತದೆ, ಗೆರೆ ಬಿದ್ದರೆ ಮನುಷ್ಯನ ಕೈ ಗೊತ್ತಾಗುತ್ತದೆ. ಆದ್ದರಿಂದ ಸ್ಪಾಂಜನ್ನು ಹರಿದು ಮುಖ ಸೊಟ್ಟಗೆ ಮಾಡಿಕೊಂಡು, ಪ್ರತಿ ಸಲ ಬೇರೆ ಬೇರೆ ಮಗ್ಗುಲಿಗೆ ತಿರುಗಿಸುತ್ತ, ಸಿಯೆನ್ನಾವನ್ನು ಒತ್ತಿ ಒತ್ತಿ ಬಿಡುವುದು. ಅದರ ಮೇಲೆ ಕಿತ್ತಳೆ. ಕೊನೆಗೆ ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಓಕರಿನಲ್ಲಿ ಅದ್ದಿ, ಹೆಬ್ಬೆರಳಿನಿಂದ ಎಳೆದು ಚಿಮುಕಿಸುವುದು.

ಅವನು ಕಿತ್ತಳೆಯನ್ನು ಗೋಡೆಯ ನಡುಮಧ್ಯೆ ಧಾರಾಳವಾಗಿ ಒತ್ತುತ್ತಿದ್ದಾಗ ಮಾವ ಒಳಗೆ ಬಂದರು. ಕೈ ಹಿಂದೆ ಕಟ್ಟಿ ನಿಂತು ನೋಡಿದರು. ಮಗನ ಕಡೆಗೂ ತಿರುಗಲಿಲ್ಲ, ನನ್ನ ಕಡೆಗೂ ತಿರುಗಲಿಲ್ಲ.

"ಅಲ್ಲಿ ಯಾಕೆ ತುಕ್ಕು ಬಂತಪ್ಪ?" ಎಂದರು.

ಪೇಂಟರ್ ತಿರುಗಿ ನೋಡಿ, "ಡಿಸೈನು ಯಜಮಾನ್ರೇ" ಎಂದ.

"ಡಿಸೈನು ಸರಿ. ನೀರು ಎಲ್ಲಿಂದ ಬಂತು?"

ಪೇಂಟರಿಗೆ ಉತ್ತರ ಹೊಳೆಯಲಿಲ್ಲ. ಮಾವ ಮುಂದೆ ಹೋಗಿ ಬೆರಳಿಟ್ಟು ತೋರಿಸತೊಡಗಿದರು. "ನೋಡು, ನಡುವೆ ತಗಡು ಚಪ್ಪಟೆ. ಮಳೆ ಬಿತ್ತು, ಜಾರಿಹೋಯ್ತು, ಒಣಗ್ತು. ಅಲ್ಲೊಂದು ಗೀರು ಬಿದ್ದಿದ್ರೆ ಬೇರೆ ಮಾತು. ನೀರು ನಿಲ್ಲೋದು ಹಾಳೆ ಹಾಳೆ ಸೇರೋ ಸಂದಿಯಲ್ಲಿ. ಬೋಲ್ಟಿನ ಬುಡದಲ್ಲಿ. ಕೆಳಗಿನ ಅಂಚಲ್ಲಿ. ತುಕ್ಕು ಅಲ್ಲಿ ಹುಟ್ಟಿ, ಅಲ್ಲಿಂದ ಕೆಳಕ್ಕೆ ಇಳೀಬೇಕು. ನೀನು ಈ ಬೋಲ್ಟಿನ ಸುತ್ತ ಕುಂಕುಮ ಇಟ್ಟ ಹಾಗೆ ಗುಂಡಗೆ ಇಟ್ಟಿದೀಯಲ್ಲ, ಮೇಲೆ ಇಷ್ಟ್ಯಾಕೆ? ನೀರು ಮೇಲಕ್ಕೆ ಹತ್ತುತ್ತಾ?"

ಪೇಂಟರ್ ಸ್ಪಾಂಜು ಕೆಳಗಿಟ್ಟ. ನಾನು ಜಗಳಕ್ಕೆ ಸಿದ್ಧನಾದೆ. ಆದರೆ ಅವನ ಮುಖದಲ್ಲಿ ಸಿಟ್ಟಿರಲಿಲ್ಲ. "ಎಲ್ಲಿ ಕೆಲಸ ಮಾಡಿದ್ದು ಯಜಮಾನ್ರೇ?" ಎಂದು ಕೇಳಿದ. ಮಾವ ಹೇಳಿದರು. "ಹಾಗಾದರೆ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ" ಎಂದ. ಬೋರ್ಡು ಬರೆಯುವ ಕಾಲದಲ್ಲಿ ಎದುರಿಗೆ ಒಂದು ಫೋಟೋ ಇಟ್ಟುಕೊಳ್ಳುತ್ತಿದ್ದವನಿಗೆ ಈಗ ಫೋಟೋದ ಬದಲು ಮನುಷ್ಯನೇ ಸಿಕ್ಕಿದ್ದ.

ಅಲ್ಲಿಂದ ಮುಂದೆ ನಡೆದದ್ದನ್ನು ನೋಡಿ ಅತ್ತೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜೀವಮಾನವೆಲ್ಲ ತುಕ್ಕನ್ನು ಕೆರೆದವರು ಕುರ್ಚಿಯಲ್ಲಿ ಕೂತು ತುಕ್ಕನ್ನು ಬರೆಸತೊಡಗಿದರು. ಮೊದಲನೆಯ ಪ್ರಶ್ನೆ, ಈ ಗೋಡೆಗೆ ಎಷ್ಟು ವಯಸ್ಸು ಎಂಬುದು. ಕಿತ್ತಳೆ ಎಂದರೆ ಎಳೆಯ ತುಕ್ಕು, ಮೊನ್ನೆ ಮೊನ್ನೆಯ ಮಳೆಯದು. ಹಳೆಯದಾದ ಹಾಗೆ ಕಂದಾಗುತ್ತದೆ, ಇನ್ನೂ ಹಳೆಯದು ಕಪ್ಪಿಗೆ ತಿರುಗುತ್ತದೆ. ಒಂದೇ ತಗಡಿನಲ್ಲಿ ಮೂರೂ ಇರಬಹುದು, ಆದರೆ ಕಪ್ಪು ಕೆಳಗಿದ್ದು ಕಿತ್ತಳೆ ಮೇಲೆ ಚೂರುಚೂರು ಇರಬೇಕು. "ನೀನು ಬರೀ ಕಿತ್ತಳೆ ಬಳಿದರೆ ನೋಡಿದವರು ಮೆಣಸಿನಪುಡಿ ಚೆಲ್ಲಿದೆ ಅಂತಾರೆ" ಎಂದರು. ಈ ಬಣ್ಣಗಳಿಗೆ ವಿಜ್ಞಾನಿಗಳು ಲೆಪಿಡೊಕ್ರೊಸೈಟ್, ಗೀಥೈಟ್, ಮ್ಯಾಗ್ನೆಟೈಟ್ ಎಂದು ಹೆಸರಿಟ್ಟು, ಯಾವುದು ಮೊದಲು ಯಾವುದು ಆಮೇಲೆ ಎಂದು ಲೇಖನ ಬರೆದಿದ್ದಾರೆ. ಮಾವನಿಗೆ ಆ ಹೆಸರುಗಳು ಗೊತ್ತಿಲ್ಲ. ಹೆಸರು ಹೇಳಿ ಕರೆದರೂ ತುಕ್ಕೇನು ಬೇಗ ಬಿಡುವುದಿಲ್ಲ.

ಎರಡನೆಯ ಪ್ರಶ್ನೆ, ಮಳೆ ಯಾವ ಕಡೆಯಿಂದ ಹೊಡೆಯುತ್ತದೆ. ಅಂಗಡಿಯ ಒಳಗೋಡೆ ಅದು. ಅದರ ಮೇಲೆ ಯಾವ ಕಡೆಯ ಮಳೆಯೂ ಹೊಡೆಯುವುದಿಲ್ಲ. ಮಾವನ ಮಗ ಅದನ್ನೇ ಹೇಳಿದ. "ಹಾಗಾದ್ರೆ ತುಕ್ಕು ಹೇಗೆ ಬಂತು?" ಎಂದು ಅಪ್ಪ ಕೇಳಿದರು. ಕೊನೆಗೆ ಆ ಗೋಡೆ ಪಡುವಣಕ್ಕೆ ಮುಖ ಮಾಡಿದ ಷೆಡ್ಡಿನದು, ಮುಂಗಾರು ಎಡಗಡೆಯಿಂದ ಓರೆಯಾಗಿ ಬೀಳುತ್ತದೆ ಎಂದು ಇಬ್ಬರು ಹಿರಿಯರೂ ಒಪ್ಪಂದಕ್ಕೆ ಬಂದರು. ಎಡಗಡೆಯ ಹಾಳೆಗಳಿಗೆ ತುಕ್ಕು ಜಾಸ್ತಿಯಾಯಿತು. ಬಲಮೂಲೆಯಲ್ಲಿ ಮೇಲೆ ಒಂದು ತೂತಿನ ದಂಬೆ ಇತ್ತೆಂದು ಊಹಿಸಿಕೊಂಡು ಅದರ ಕೆಳಗೊಂದು ಉದ್ದನೆಯ ಸೋರಿಕೆಯ ಗುರುತು ಇಳಿಯಿತು. ಇಲ್ಲದ ಷೆಡ್ಡಿಗೆ ಇಲ್ಲದ ದಂಬೆ, ಅದಕ್ಕೆ ಇಲ್ಲದ ತೂತು. ಕಾದಂಬರಿಕಾರರು ಇಷ್ಟು ಕಷ್ಟಪಡುವುದನ್ನು ನಾನು ಇತ್ತೀಚೆಗೆ ಕಂಡಿಲ್ಲ.

ಇಳಿಯುವ ನೀರಿನ ಗುರುತಿಗೆ ಪೇಂಟರಿನ ಉಪಾಯ ಚೆನ್ನಾಗಿತ್ತು. ಕಿತ್ತಳೆ ಬಣ್ಣವನ್ನು ತೀರ ನೀರು ಮಾಡಿ ಬೋಲ್ಟಿನ ಬುಡಕ್ಕೆ ಮುಟ್ಟಿಸಿ, ಅದು ಹಸಿಯಿರುವಾಗಲೇ ಸ್ಪ್ರೇ ಬಾಟಲಿಯಿಂದ ನೀರು ಹೊಡೆದು ಬಿಟ್ಟುಬಿಡುವುದು. ಬಣ್ಣ ತಾನೇ ದಾರಿ ಹುಡುಕಿಕೊಂಡು ಇಳಿಯುತ್ತದೆ, ಮರಳಿನ ಹರಳು ಅಡ್ಡ ಬಂದರೆ ಬಳಸಿಕೊಂಡು ಹೋಗುತ್ತದೆ. ಅಲ್ಲಿ ಕೈಯಾಡಿಸಬಾರದು. ಅರ್ಧ ಒಣಗಿದ ಮೇಲೆ ಅಂಚನ್ನು ಬಟ್ಟೆಯಿಂದ ಒಂದೆರಡು ಕಡೆ ಒರೆಸಿದರೆ ಮುಗಿಯಿತು.

ಬಾಗಿಲಿನ ಹಲಗೆಗೆ ಬೇರೆ ವಿದ್ಯೆ. ಹಸಿರು ಬಣ್ಣ ಬಳಿದ ಕಬ್ಬಿಣದ ಬಾಗಿಲು, ಬಣ್ಣ ಚಕ್ಕೆ ಎದ್ದು ಒಳಗಿನ ತುಕ್ಕು ಕಾಣಬೇಕು. ಮೊದಲು ತುಕ್ಕಿನ ಬಣ್ಣ ಕೊಟ್ಟು ಒಣಗಿಸಿ, ನೀರು ಚಿಮುಕಿಸಿ, ಅಂಚುಗಳ ಕಡೆಗೆ ಕಲ್ಲುಪ್ಪನ್ನೂ ಪುಡಿ ಉಪ್ಪನ್ನೂ ಉದುರಿಸಿ ಅಂಟಿಸಿದ. ಅದು ಒಣಗಿದ ಮೇಲೆ ಹಸಿರನ್ನು ಸ್ಪ್ರೇ ಮಾಡಿದ. ಅದೂ ಒಣಗಿದ ಮೇಲೆ ಉಪ್ಪನ್ನು ಒರಟು ಬ್ರಷ್ಷಿನಿಂದ ಉಜ್ಜಿ ತೆಗೆದ. ಉಪ್ಪು ಕೂತಿದ್ದ ಕಡೆಯೆಲ್ಲ ಹಸಿರು ಕಿತ್ತುಬಂದು ತುಕ್ಕು ಇಣುಕಿತು. ಪುಟಾಣಿ ರೈಲು, ಯುದ್ಧದ ಟ್ಯಾಂಕುಗಳ ಮಾದರಿ ಮಾಡುವ ಹವ್ಯಾಸಿಗಳು ಇದೇ ಉಪ್ಪಿನ ವಿದ್ಯೆಯನ್ನು ಅಂಗೈಯಗಲದ ಆಟಿಕೆಗಳ ಮೇಲೆ ತೋರಿಸುತ್ತಾರೆ. ಅವರಲ್ಲಿ ಪಳಗಿದವರನ್ನು ಗುರುತಿಸುವುದು ಹಳಿಯಿಂದ: ರೈಲು ಓಡಾಡುವ ಹಳಿಯ ಪಕ್ಕಗಳಿಗೆ ಮಾತ್ರ ಕಂದು ಬಳಿದು, ಗಾಲಿ ಉಜ್ಜಿದ ನೆತ್ತಿಯನ್ನು ಹೊಳಪಾಗಿಯೇ ಬಿಡುತ್ತಾರೆ. ನಮ್ಮ ಈಳಿಗೆಯ ಅಲಗು ಹೊಳೆಯುತ್ತದೆ, ಬೆನ್ನು ಕಂದಾಗಿರುತ್ತದೆ. ಕೆಲಸವಿರುವ ಕಡೆ ತುಕ್ಕಿಗೆ ಕೂರಲು ಪುರಸೊತ್ತಿಲ್ಲ. ಮಾವ ಬಾಗಿಲಿನ ಹಿಡಿಯ ಸುತ್ತ ತುಕ್ಕು ಒರೆಸಿಸಿದ್ದೂ ಇದೇ ಕಾರಣಕ್ಕೆ. "ದಿನಾ ಕೈ ಬೀಳೋ ಜಾಗ ಅದು" ಎಂದರು.

ಮಧ್ಯೆ ಮಾವನ ಮಗ ತಾನೂ ಒಂದು ಸುಧಾರಣೆ ತಂದ. ಹಸಿ ಬಣ್ಣದ ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿದರೆ ತುಕ್ಕಿನ ಮೈ ಹುಬೇಹೂಬು ಬರುತ್ತದೆ ಎಂದು ಎಲ್ಲೋ ಓದಿದ್ದ. ಬಂದದ್ದೂ ನಿಜ, ಆ ಪುಡಿಯ ಬಣ್ಣ, ಒರಟುತನ ಎರಡೂ ಇದಕ್ಕೆಂದೇ ಮಾಡಿಸಿದಂತಿವೆ. ಆದರೆ ಆ ಗೋಡೆ ಕೆಲವು ದಿನ ಪಲಾವಿನ ವಾಸನೆ ಬೀರಿತು. ಕಬ್ಬಿಣದ ಪುಡಿಯನ್ನೇ ಬೆರೆಸಿದ ಬಣ್ಣವೂ ಸಿಗುತ್ತದೆ. ಬಳಿದು ಒಣಗಿಸಿ ಮೇಲೆ ಆಮ್ಲದ ದ್ರಾವಣ ಸಿಂಪಡಿಸಿದರೆ ಪ್ಲೈವುಡ್ಡಿನ ಮೇಲೂ ಅಪ್ಪಟ ತುಕ್ಕು ಏಳುತ್ತದೆ. ಪೇಂಟರಿಗೆ ಅದು ಹಿಡಿಸುವುದಿಲ್ಲ. ಬೆಲೆ ಜಾಸ್ತಿ, ಮೇಲೆ ಸೀಲರ್ ಕೊಡದಿದ್ದರೆ ಒರಗಿ ಕೂತವರ ಬಿಳಿ ಅಂಗಿಗೆ ಮೆತ್ತಿಕೊಳ್ಳುತ್ತದೆ ಎಂಬುದು ಬಾಯಲ್ಲಿ ಹೇಳಿದ ಕಾರಣ. ನಿಜವಾದ ಕಾರಣ ನನಗೆ ಕಂಡದ್ದು ಬೇರೆ: ತುಕ್ಕು ತಾನಾಗಿಯೇ ಬರುವುದಾದರೆ ಪೇಂಟರ್ ಯಾಕೆ?

ಜಗತ್ತು ತುಕ್ಕಿನ ವಿಷಯದಲ್ಲಿ ಒಂದು ಮನಸ್ಸು ಮಾಡಿಲ್ಲ. ಪ್ಯಾರಿಸ್ಸಿನವರು ಐಫೆಲ್ ಗೋಪುರಕ್ಕೆ ಸುಮಾರು ಏಳು ವರ್ಷಕ್ಕೊಮ್ಮೆ 60 ಟನ್ ಬಣ್ಣ ಬಳಿಯುತ್ತಾರೆ. ನಮ್ಮ ಲಾಲ್‌ಬಾಗಿನ ಗಾಜಿನ ಮನೆ, ಮೈಸೂರು ಅರಮನೆಯ ಕಲ್ಯಾಣಮಂಟಪದ ಕಂಬಗಳು ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದ ಎರಕದ ಕಬ್ಬಿಣ. ಅರಮನೆಯಲ್ಲಿ ಅವಕ್ಕೆ ನವಿಲಿನ ನೀಲಿ, ಚಿನ್ನದ ಬಣ್ಣ ಬಳಿದು ಕಬ್ಬಿಣವೆಂಬುದೇ ಮರೆತುಹೋಗುವ ಹಾಗೆ ಮಾಡಿದ್ದಾರೆ. ಅಂದು ಕಬ್ಬಿಣವನ್ನು ಮುಚ್ಚಲು ಬಣ್ಣ; ಇಂದು ಇಲ್ಲದ ಕಬ್ಬಿಣವನ್ನು ತೋರಿಸಲು ಬಣ್ಣ. ಇನ್ನೊಂದು ಕಡೆ ಅಮೆರಿಕದ ಉಕ್ಕಿನ ಕಂಪನಿಯೊಂದು 1933ರಲ್ಲಿ ಕೋರ್‌ಟೆನ್ ಎಂಬ ಉಕ್ಕನ್ನು ಮಾರುಕಟ್ಟೆಗೆ ತಂದಿತು. ತಾಮ್ರ, ಕ್ರೋಮಿಯಂ, ರಂಜಕ ಬೆರೆತ ಇದರ ಮೇಲಿನ ತುಕ್ಕು ದಟ್ಟವಾಗಿ ಕೂತು ಒಳಗಿನದನ್ನು ಕಾಯುತ್ತದೆ. ಮೊದಲು ಬಳಕೆಯಾದದ್ದು ಕಲ್ಲಿದ್ದಲಿನ ವ್ಯಾಗನ್ನುಗಳಿಗೆ. ಅಲ್ಲಿ ಅದರ ಚೆಲುವನ್ನು ಯಾರೂ ಕೇಳಲಿಲ್ಲ. ಏರೋ ಸಾರಿನೆನ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ ಜಾನ್ ಡೀರ್ ಟ್ರ್ಯಾಕ್ಟರ್ ಕಂಪನಿಯ ಕಚೇರಿ ಅದರಲ್ಲಿ ಎದ್ದು ನಿಂತ ಮೇಲೆ, 1964ರಿಂದೀಚೆಗೆ, ಬಣ್ಣವಿಲ್ಲದ ತುಕ್ಕಿಗೆ ಮರ್ಯಾದೆ ಬಂತು. ಇಂಗ್ಲೆಂಡಿನ ಗೇಟ್ಸ್‌ಹೆಡ್ಡಿನಲ್ಲಿ 1998ರಲ್ಲಿ ನಿಲ್ಲಿಸಿದ ಆಂಟನಿ ಗಾರ್ಮ್ಲಿಯ ರೆಕ್ಕೆಯ ಮನುಷ್ಯ, 20 ಮೀಟರ್ ಎತ್ತರ, 54 ಮೀಟರ್ ರೆಕ್ಕೆ, ಪೂರಾ ತುಕ್ಕಿನ ಬಣ್ಣದವನು. ಎಲ್ಲ ಕಡೆ ಇದು ಫಲಿಸಲಿಲ್ಲ. ಅಟ್ಲಾಂಟಾದ ಓಮ್ನಿ ಕ್ರೀಡಾಂಗಣ ಅಲ್ಲಿಯ ತೇವದ ಹವೆಯಲ್ಲಿ ತೂತು ಬೀಳುವಷ್ಟು ತುಕ್ಕು ಹಿಡಿಯಿತು; ಕಾಲು ಶತಮಾನ ಕಳೆದಾಗ, 1997ರಲ್ಲಿ, ಅದನ್ನು ಕೆಡವಿದರು. ನಮ್ಮ ರೈಲ್ವೆಯವರು ಹಳೆಯ ಮಾದರಿಯ ಬೋಗಿಗಳಿಗೆ ಇದೇ ಜಾತಿಯ ಉಕ್ಕನ್ನು ಬಳಸಿ, ಅದರ ಮೇಲೆ ತಪ್ಪದೆ ಬಣ್ಣ ಹೊಡೆದರು. ಭಾರತ ಸರ್ಕಾರದಲ್ಲೂ ನನ್ನ ಮಾವನಂಥವರು ಇದ್ದಾರೆ.

ಇದನ್ನೆಲ್ಲ ಹೇಳಿ ಮಾವನನ್ನು ಕೆಣಕಿದೆ. ಅವರು ದೆಹಲಿಯ ಕಬ್ಬಿಣದ ಕಂಬ ತೆಗೆದರು: ಸುಮಾರು 1600 ವರ್ಷ, ಆರು ಟನ್ನಿಗೂ ಮಿಕ್ಕಿದ ತೂಕ, ಬಣ್ಣವಿಲ್ಲದೆ ನಿಂತಿದೆ. ರಂಜಕ ಹೆಚ್ಚಿರುವ ಕಬ್ಬಿಣವಾದ್ದರಿಂದ ಮೈಮೇಲೆ ತೆಳುವಾದ ರಕ್ಷೆ ಬೆಳೆದಿದೆಯಂತೆ. ಅದೂ ಸಾಲದೆ ಕೊಡಚಾದ್ರಿಯ ಮೂಲ ಮೂಕಾಂಬಿಕೆ ಗುಡಿಯ ಮುಂದಿನ ಕಬ್ಬಿಣದ ಕಂಬವನ್ನೂ ತಂದರು. ದೆಹಲಿಯಲ್ಲಿ ಮಳೆ ಎಷ್ಟು? ಕೊಡಚಾದ್ರಿಯ ಆಷಾಢದಲ್ಲಿ ನಿಂತು ತೋರಿಸಬೇಕು ಎಂಬುದು ಅವರ ವಾದ. ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಪೇಂಟರ್ ಮಾತ್ರ ಆ ಕಂಬದ ಬಣ್ಣ ಎಂಥದು ಎಂದು ಎರಡು ಸಲ ಕೇಳಿ ಗೊತ್ತುಮಾಡಿಕೊಂಡ.

ಯಾಕೆ ಜನಕ್ಕೆ ತುಕ್ಕು ಬೇಕಾಗಿದೆ ಎಂದು ಯೋಚಿಸಿದ್ದೇನೆ. ರಂಗಭೂಮಿ, ಸಿನಿಮಾದವರದು ಅರ್ಥವಾಗುತ್ತದೆ. ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದರು. ಆನೆ ಸಿಗದವರು ಥರ್ಮಾಕೋಲಿನ ಖಡ್ಗಕ್ಕೆ ಕಪ್ಪು ಕಂದು ಬಳಿದು ದೀಪದ ಬೆಳಕನ್ನು ನಂಬುತ್ತಾರೆ. 1977ರ 'ಸ್ಟಾರ್ ವಾರ್ಸ್' ಸಿನಿಮಾದ ನೌಕೆಗಳಿಗೆ ಜಿಡ್ಡು, ಗೀರು, ಮಸಿ ಬಳಿದಿದ್ದರಿಂದಲೇ ಅವು ನಿನ್ನೆಯೂ ಹಾರಿದ್ದವು ಎಂದು ಪ್ರೇಕ್ಷಕರು ನಂಬಿದರು. ಕಾಫಿ ಅಂಗಡಿಯದು ಬೇರೆ ಸಂಗತಿ. ಅಲ್ಲಿಗೆ ಬರುವ ಹುಡುಗ ಹುಡುಗಿಯರು ತುಕ್ಕನ್ನು ಕೆರೆದವರಲ್ಲ. ಅವರ ಮನೆಯ ಕಿಟಕಿ ಅಲ್ಯೂಮಿನಿಯಂ, ಪಾತ್ರೆ ಸ್ಟೀಲು, ಬಕೆಟ್ಟು ಪ್ಲಾಸ್ಟಿಕ್ಕು. ತುಕ್ಕು ಅವರಿಗೆ ಫೋಟೋದ ಹಿನ್ನೆಲೆ. ತಗಡಿನ ಸೂರಿನಡಿ ಬೆಳೆದವರು ಯಾರೂ ಆ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ನಾನಂತೂ ನೋಡಿಲ್ಲ. ಅಂಗಡಿ ಗುಡಿಸುವ ಹೆಂಗಸು ಮೊದಲ ದಿನವೇ ಬಂದು ಗೋಡೆ ನೋಡಿ, "ಅಯ್ಯೋ, ಹೊಸ ಅಂಗಡಿ, ಆಗಲೇ ಹಿಂಗಾಗಿದೆ" ಎಂದು ಹೇಳಿ ತಂತಿಯ ಬ್ರಷ್ಷಿಗೆ ಕೈಹಾಕಿದ್ದಳಂತೆ. ಪೇಂಟರ್ ಇದನ್ನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅವನಿಗೆ ಬಂದ ದೊಡ್ಡ ಪ್ರಶಸ್ತಿ ಅದು. ಉದ್ಘಾಟನೆಗೆ ಗಣಹೋಮ ಮಾಡಲು ಬಂದ ಪುರೋಹಿತರನ್ನು ಅತ್ತೆ ಮೆಲ್ಲಗೆ ಕೇಳಿದರು, ಇದರಿಂದ ಶನಿದೋಷ ಏನಾದರೂ ಉಂಟೇ ಎಂದು. ಅವರು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, "ಪ್ಲೈವುಡ್ಡಿನ ಮೇಲೆ ಶನಿಗೆ ಅಧಿಕಾರ ಇಲ್ಲಮ್ಮ" ಎಂದು ನಿಶ್ಚಿಂತೆ ಮಾಡಿದರು.

ಪೇಂಟರ್ ಈಗ ಬೇರೆ ಕೆಲಸ ಹಿಡಿದಾಗಲೆಲ್ಲ ಮಾವನಿಗೆ ಫೋಟೋ ಕಳಿಸುತ್ತಾನೆ. ಮಾವ ಕನ್ನಡಕ ಏರಿಸಿ, ದೊಡ್ಡದು ಮಾಡಿ ನೋಡಿ, "ಸೋರಿಕೆ ಜಾಸ್ತಿಯಾಯ್ತು", "ಈ ಮೊಳೆಗೆ ಬುಡದಲ್ಲಿ ಕಪ್ಪು ಸಾಲದು" ಎಂದು ಉತ್ತರ ಕೊಡುತ್ತಾರೆ. ಮಗನ ಅಂಗಡಿಯ ಲೆಕ್ಕವನ್ನು ಅವರು ಇಷ್ಟು ಶ್ರದ್ಧೆಯಿಂದ ನೋಡಿದ್ದಿಲ್ಲ.

ನಿಮಗೂ ಇಂಥದೊಂದು ಗೋಡೆ ಮಾಡಿಸುವ ಆಸೆಯಿದ್ದರೆ ಪೇಂಟರನ್ನು ಕರೆಸುವ ಮುಂಚೆ ಹತ್ತಿರದ ಗುಜರಿ ಅಂಗಡಿಗೆ ಹೋಗಿ ಒಂದು ಹಳೆಯ ತಗಡನ್ನು ತಂದು ಎದುರಿಗಿಟ್ಟುಕೊಳ್ಳಿ; ಕಿತ್ತಳೆಯನ್ನು ಕೊನೆಗೆ, ಚಿಟಿಕೆಯಷ್ಟು ಹಾಕಿಸಿ; ಮೇಲೆ ಹೊಳಪಿನ ವಾರ್ನಿಷ್ ಹೊಡೆಯಲು ಬಿಡಬೇಡಿ, ತುಕ್ಕು ಹೊಳೆಯುವುದಿಲ್ಲ. ಮತ್ತೆ, ಈ ಕೆಲಸವನ್ನು ಮರದ ಮೇಲೆ, ಗಾರೆಯ ಮೇಲೆ, ಪ್ಲೈವುಡ್ಡಿನ ಮೇಲೆ ಮಾಡಿಸಿ. ಮನೆಯ ಕಬ್ಬಿಣದ ಗೇಟಿಗೆ ಮಾತ್ರ ಬೇಡ. ಅದಕ್ಕೆ ಎಮರಿ ಹಾಕಿ ಉಜ್ಜಿ ಎರಡು ಕೋಟು ರೆಡ್ ಆಕ್ಸೈಡ್ ಕೊಡಿಸಿ, ಅದೂ ಮುಂಗಾರಿಗೆ ಮೊದಲು.